ಸಂದು ಚುಕ್ಕಿಯ ಆಕಾಶ

ಅವತ್ತು ಗುರುವಾರ. ಮಾರನೆಯ ದಿನದ ಪೂಜೆಗೆಂದು ದೇವರ ದೀಪಗಳಿಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದೆ. ಶಿವಮೊಗ್ಗದ ಆಸ್ಪತ್ರೆಯಿಂದ ನಮ್ಮನೆಯವರ ಫೋನ್ ಬಂತು. ಕೈಯೆಲ್ಲ ಹುಳಿ, ಕಿರುಬೆರಳಿನಿಂದ ಒತ್ತಿದೆ.

"ನರದ ಕಾಯಿಲೆಯಂತೆ ಕಣೆ. ವಾಸಿ ಮಾಡೋ ಮದ್ದಿಲ್ವಂತೆ. ಮೊದ್ಲು ಕೈ, ಆಮೇಲೆ ಕಾಲು, ಆಮೇಲೆ ಮಾತು, ನುಂಗೋದು..."

"ಅವನಿಗೆ ಗೊತ್ತಾಯ್ತಾ?"

"ಪಕ್ಕದಲ್ಲೇ ಕೂತಿದ್ದ. ಡಾಕ್ಟ್ರು ಅವನಿಗೇ ಹೇಳಿದ್ದು."

ಅವನು ಅಂದರೆ ನನ್ನ ಮೈದುನ. ಜೋಗದ ವಿದ್ಯುತ್ ಕೇಂದ್ರದಲ್ಲಿ ಕೆಲಸ, ಸಾಗರದ ನಮ್ಮ ಮನೆಯಲ್ಲೇ ವಾಸ. ಮದುವೆ ಮಾಡಿಕೊಳ್ಳಲಿಲ್ಲ. ನಾನು ಈ ಮನೆಗೆ ಬಂದಾಗ ಇನ್ನೂ ಕಾಲೇಜಿಗೆ ಹೋಗುತ್ತಿದ್ದ, ಆಗಿನಿಂದ ಅವನಿಗೆ ಬಡಿಸಿದ ಕೈ ನನ್ನದು. ದೀಪಗಳನ್ನು ಹಾಗೆಯೇ ಬಿಟ್ಟು ದೇವರ ಮುಂದೆ ಕೂತೆ. ಏನು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲ.

ಅವನಿಗೊಂದು ಆಟದ ಹುಚ್ಚಿತ್ತು. ಆಕಾಶದ ಹಡಗುಗಳ ಯುದ್ಧ. ಅವನ ಜೊತೆ ಓದಿದ ಗೆಳೆಯನೊಬ್ಬ ತೀರ್ಥಹಳ್ಳಿಯಲ್ಲಿ ಮೇಷ್ಟ್ರು. ಹದಿನೈದು ದಿನಕ್ಕೊಂದು ಭಾನುವಾರ ಹೊಸನಗರದಲ್ಲಿ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. ಇಬ್ಬರೂ ಊಟದ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಹಳೇ ಸ್ವಿಚ್ಚು, ಪ್ಲಗ್ಗಿನ ಪಿನ್ನುಗಳಿಂದ ಮಾಡಿದ ಹಡಗುಗಳನ್ನು ಇಡುತ್ತಿದ್ದರು. ಟೇಪು ಹಿಡಿದು ಇಷ್ಟು ಇಂಚು ಮುಂದೆ, ರಟ್ಟಿನ ತುಂಡಿಟ್ಟು ಇಷ್ಟು ಓರೆ ಎಂದು ಅಳೆದು ಸರಿಸುವುದು, ದಾಳ ಹಾಕಿ ಗುಂಡು ಹೊಡೆಯುವುದು. ನಲವತ್ತು ದಾಟಿದ ಗಂಡಸರು! ನಾನು ನಗುತ್ತಿದ್ದೆ.

ಆರು ತಿಂಗಳಲ್ಲಿ ಅವನಿಗೆ ಟೇಪು ಹಿಡಿಯಲು ಆಗದಾಯಿತು. ಕೆಲಸವೂ ಬಿಟ್ಟುಹೋಗಿತ್ತು. ಅವನ ಪರವಾಗಿ ಅಳೆಯುವುದಕ್ಕೆ ನಾನು ನಿಂತೆ. ಒಂದು ನೂಲು ಆಚೀಚೆಯಾದರೆ ಹಡಗು ಉಳಿಯುತ್ತಿತ್ತು ಇಲ್ಲವೇ ಸಾಯುತ್ತಿತ್ತು. ಮೂರನೇ ಸಲ ಅವನು ಮುಖ ತಿರುಗಿಸಿದ. "ಸಾಕು ಬಿಡಿ ಅತ್ತಿಗೆ. ಇದು ನಿಮ್ಮ ಕೈ ಆಡೋ ಆಟ. ನಂದಲ್ಲ."

ನಿಯಮವನ್ನೇ ಬದಲಿಸೋಣ ಎಂದರು ಮೇಷ್ಟ್ರು. ಇಂಚಿನ ಬದಲು ಮನೆ ಎಣಿಸುವುದು, ಚೌಕಾಬಾರದ ಹಾಗೆ. ಆಗ ಅವನು ಬಾಯಲ್ಲಿ ಹೇಳಿದರೆ ಸಾಕು. ಯಾರ ಕೈ ಇಟ್ಟರೂ ಹಡಗು ಅವನು ಹೇಳಿದ ಮನೆಯಲ್ಲೇ ಕೂರುತ್ತದೆ. ಚೌಕದ ಗೆರೆಯ ಹಾಳೆ ತಂದರು. ಅದರಲ್ಲಿ ಮೂಲೆಯಿಂದ ಮೂಲೆಗೆ ಹೋದವನಿಗೆ ಒಂದೇ ಎಣಿಕೆಯಲ್ಲಿ ದೂರ ಜಾಸ್ತಿ ಸಿಗುತ್ತಿತ್ತು. ಆರು ಮೂಲೆಯ ಮನೆ ಬೇಕು, ಜೇನುಗೂಡಿನ ಹಾಗೆ, ಎಲ್ಲ ಕಡೆಗೂ ಒಂದೇ ದೂರ ಎಂದು ಇಬ್ಬರೂ ಸ್ಕೇಲು ಹಿಡಿದು ಒದ್ದಾಡುತ್ತಿದ್ದರು.

ನಾನು ಕಾಫಿ ಇಡುತ್ತ ನೋಡಿದೆ. "ಅದಕ್ಕೆ ಸ್ಕೇಲ್ ಯಾಕೆ? ಸಂದು ಚುಕ್ಕಿ ಇಟ್ರಾಯ್ತಲ್ಲ."

ರಂಗೋಲಿಯಲ್ಲಿ ಒಂದು ಸಾಲಿನ ಎರಡು ಚುಕ್ಕಿಯ ಸಂದಿಗೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಬೀಳುತ್ತದೆ. ಯಾವ ಚುಕ್ಕಿ ಹಿಡಿದರೂ ಸುತ್ತ ಆರು ಚುಕ್ಕಿ, ಒಂದೇ ದೂರದಲ್ಲಿ. ದಿನಾ ಬೆಳಿಗ್ಗೆ ಬಾಗಿಲಲ್ಲಿ ಇಡುವುದೇ ತಾನೆ? ಪ್ಲೈವುಡ್ಡಿನ ಹಲಗೆಗೆ ಕಪ್ಪು ಬಳಿಸಿ, ಬಿಳಿ ಬಣ್ಣದಲ್ಲಿ ಸಾಲು ಸಾಲು ಇಟ್ಟುಕೊಟ್ಟೆ. ಚುಕ್ಕಿಯೇ ಮನೆ. ಮೇಷ್ಟ್ರು ಎರಡು ಕಡೆ ಅಳೆದು ನೋಡಿ, "ನಂಗಿಂತ ಸರಿಯಾಗಿದೆ ಮಾರಾಯ್ತಿ" ಎಂದರು.

ಆಮೇಲೆ ಮೂರು ಭಾನುವಾರ ಆಡಲೇ ಇಲ್ಲ, ಬರೀ ನಿಯಮ ತಿದ್ದಿದ್ದು. ಎರಡು ಇಂಚಿಗೆ ಒಂದು ಮನೆ. ಚಿಕ್ಕ ಹಡಗು ಪ್ರತಿ ಮನೆಗೂ ಒಂದು ಸಲ ತಿರುಗಬಹುದು, ದೊಡ್ಡದು ಎರಡು ಮನೆ ನೆಟ್ಟಗೆ ಹೋದ ಮೇಲೇ. ಹಳೆಯ ನಿಯಮದಲ್ಲಿ ತೋಪುಗಳು ಎಂಟು ದಿಕ್ಕಿಗಿದ್ದವು. ಇಲ್ಲಿ ಇರುವುದೇ ಆರು. ಅಲ್ಲಿ ಜಗಳ ಹತ್ತಿತು.

"ನಿಮ್ಮ ಆಕಾಶದಲ್ಲಿ ದಿಕ್ಪಾಲಕರಿಬ್ಬರಿಗೆ ರಜೆನಾ?" ಎಂದು ನಾನು ಕೇಳಿದ್ದಕ್ಕೆ ಮೈದುನ ನಗುತ್ತ ಕೆಮ್ಮಿದ. "ಸಂಬಳ ಕೊಡೋಕಾಗಲ್ಲ ಅತ್ತಿಗೆ, ಮನೆಗೆ ಕಳ್ಸಿದ್ವಿ." ಕಾಯಿಲೆ ಬಂದ ಮೇಲೆ ಅವನು ಅಷ್ಟು ನಕ್ಕಿದ್ದು ಅವತ್ತೇ. ಅದನ್ನು ದೇವರು ಕೊಟ್ಟದ್ದೆಂದೇ ಲೆಕ್ಕಕ್ಕೆ ಹಿಡಿದಿದ್ದೇನೆ.

ದಿಕ್ಕಿಗೆ ಒಂದರಿಂದ ಆರರವರೆಗೆ ಅಂಕಿ ಬರೆದರು. "ಎರಡು, ಮೂರು ಮನೆ" ಅಂದರೆ ಎರಡನೇ ದಿಕ್ಕಿಗೆ ಮೂರು ಚುಕ್ಕಿ. ಇಡುವವಳು ನಾನು. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಕಾಲೂ ಹೋಯಿತು. ನಾನೂ ನಮ್ಮನೆಯವರೂ ಎತ್ತಿ ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಎದೆಗೆ ಪಂಚೆ ಕಟ್ಟುತ್ತಿದ್ದೆವು. ಅವನ ಅಣ್ಣ ಸ್ನಾನ ಮಾಡಿಸುವಾಗ ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ವರದಹಳ್ಳಿಯಿಂದ ತಂದ ತೀರ್ಥವನ್ನು ಚಮಚದಲ್ಲಿ ಕೊಟ್ಟರೆ ಬೇಡವೆನ್ನದೆ ಕುಡಿಯುತ್ತಿದ್ದ, ನನಗಾಗಿ. ಮಾತು ದಪ್ಪವಾಗಿತ್ತು, ಆದರೂ ಅಂಕಿಗಳು ತಿಳಿಯುತ್ತಿದ್ದವು.

ಕಾರ್ತಿಕದ ಆ ಭಾನುವಾರ ಅವನಿಗೆ ಉಳಿದದ್ದು ಒಂದೇ ದೊಡ್ಡ ಹಡಗು. ಎದುರಿಗೆ ಮೇಷ್ಟ್ರ ಎರಡು ಚಿಕ್ಕವು. ಮೇಷ್ಟ್ರು ಕಡುಬು ತಿಂದು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು. ಇವನು, "ಮೂರು, ನಾಲ್ಕು ಮನೆ" ಎಂದ.

ನಾಲ್ಕನೇ ಮನೆ ಎರಡೂ ಹಡಗುಗಳ ಗುಂಡಿನ ಎದುರಿಗೆ. ಐದನೆಯದಾದರೆ ಅವುಗಳ ಬೆನ್ನಿಗೆ, ಅಲ್ಲಿಗೆ ಹೊಡೆಯುವ ತೋಪು ಅವಕ್ಕಿಲ್ಲ. ಐದು ಅನ್ನಬಹುದಿತ್ತು, ಎಣಿಕೆ ತಪ್ಪಿದ್ದ. ರಂಗೋಲಿಯಲ್ಲಿ ಚುಕ್ಕಿ ತಪ್ಪಿದರೆ ಬೆರಳಲ್ಲಿ ಒರೆಸಿ ಪಕ್ಕಕ್ಕೆ ಇಡುತ್ತೇವೆ, ಯಾರೂ ಕೇಳುವುದಿಲ್ಲ. ನೈವೇದ್ಯವಾಗದೆ ಯಾರಿಗೂ ಬಡಿಸದ ನಾನು, ಹಡಗನ್ನು ಐದನೇ ಚುಕ್ಕಿಗಿಟ್ಟೆ.

ಮೇಷ್ಟ್ರು ಬಂದರು, ನೋಡಿದರು. "ಅಬ್ಬಾ, ತಪ್ಪಿಸ್ಕೊಂಡ್ಯಲ್ಲೋ ಕಳ್ಳ!"

ಮೈದುನ ಹಲಗೆಯನ್ನೇ ನೋಡುತ್ತಿದ್ದ. "ಅತ್ತಿಗೆ. ಎಷ್ಟು ಮನೆ?"

"ನೀ ಹೇಳಿದಷ್ಟೇ."

"ಎಣ್ಸಿ."

ಎಣಿಸಿದೆ. ಐದಾಯಿತು.

"ಹೋಗ್ಲಿ ಬಿಡೋ," ಎಂದರು ಮೇಷ್ಟ್ರು, "ಎಲ್ಲೋ ನೋಡ್ತಾ ಇಟ್ಟಿರ್ತಾರೆ."

"ಸಂದು ಚುಕ್ಕೀಲಿ ಅತ್ತಿಗೆ ತಪ್ಪಲ್ಲ." ಉಸಿರು ತೆಗೆದುಕೊಂಡ. "ಕೈ ಹೋಯ್ತು. ಕಾಲು ಹೋಯ್ತು. ಉಣ್ಸೋದು ನೀವು, ತೊಳ್ಯೋದು ಅಣ್ಣ. ಇದೊಂದು ನಾ ಹೇಳ್ದಂಗೆ ನಡೀತಿತ್ತು."

ಹಡಗನ್ನು ತೆಗೆದು ನಾಲ್ಕನೇ ಮನೆಗಿಟ್ಟೆ. ಮೇಷ್ಟ್ರು ದಾಳವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತರು.

"ಹೊಡಿ ಮಾರಾಯ. ನಿಂಗೂ ಕರುಣೆ ಬಂತಾ?"

ಹೊಡೆದರು. ಮೊದಲ ಹಡಗಿನ ಗುಂಡು ತಾಗಲಿಲ್ಲ. ಎರಡನೆಯದರಲ್ಲಿ ಆರು ಬಿತ್ತು. ಅವನು ತಾನೇ ಪೆಟ್ಟು ಎಣಿಸಿ, "ಹೋಯ್ತು, ತೆಗೀರಿ" ಎಂದ. ಅದನ್ನು ಎತ್ತಿದ್ದೂ ನಾನೇ.

ಮೇಷ್ಟ್ರು ಬಸ್ಸಿಗೆ ಹೊರಟಾಗ ಗೇಟಿನ ತನಕ ಹೋದೆ. ಅವರು ಚಪ್ಪಲಿ ಮೆಟ್ಟುತ್ತ, "ನಾನೂ ಇಂಚಿನ ಕಾಲದಲ್ಲಿ ಅವನ ಹಡಗು ಉಳೀಲಿ ಅಂತ ಎಷ್ಟೋ ಸಲ ಟೇಪು ಸಡಿಲ ಬಿಟ್ಟಿದೀನಿ" ಎಂದರು. "ಅವನಿಗೆ ಗೊತ್ತಾಗ್ತಿರ್ಲಿಲ್ಲ ಅಂತ ಅಂದ್ಕೊಂಡಿದ್ದೆ."

ಒಳಗೆ ಬಂದು ಅವನ ಬಾಯಿ ಒರೆಸಿದೆ. "ಇನ್ನು ಹಾಗೆ ಮಾಡಲ್ಲ" ಎಂದೆ. ಅವನು, "ಮುಂದಿನ ಸಲ ನೀವೇ ಇಡ್ಬೇಕು. ಬೇರೆ ಯಾರು ಇಡ್ತಾರೆ?" ಎಂದ. ಅಷ್ಟು ಸಿಕ್ಕಿತು ನನಗೆ. ಮಾತು ಅವನಲ್ಲಿ ಯುಗಾದಿಯವರೆಗೂ ಉಳಿಯಿತು, ಅಲ್ಲಿಯ ತನಕ ಅವನು ಹೇಳಿದ ಮನೆಗೇ ಇಟ್ಟೆ. ಸೋತದ್ದೇ ಹೆಚ್ಚು.

ಕಾರ್ತಿಕದ ಆ ಭಾನುವಾರ ಸಂಜೆ ಒಲೆಯ ಮೇಲೆ ಗಂಜಿ ಬೆಂದಿತ್ತು. ಅಗುಳು ಅವನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆಂದು ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಸೌಟಿನಲ್ಲಿ ಸುರಿದು, ಸೋಸತೊಡಗಿದೆ.