ನೆವಾರ್ಕಿಗೆ ಇಳಿದ ಮಾರ್ಮಟ್

ಡಾಟ್‌ಕಾಮ್ ಕಾಲದಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಬಾಯಲ್ಲೂ ಸ್ಟಾಕ್ ಆಪ್ಷನ್ನು. ಮಂಡ್ಯದಿಂದ ಬಂದಿದ್ದ ನನ್ನ ಅಮ್ಮನಿಗೆ ಮಾತ್ರ ಬಿಸಿಲಿನದೇ ಚಿಂತೆ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ ಒಣಗಿಸಲು ಜಾಗವಿಲ್ಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ಕೊಲ್ಲಿಯ ಗಾಳಿ, ಬಾಲ್ಕನಿಯಲ್ಲಿ ಏನೂ ಹರಡಕೂಡದೆಂದು ಮ್ಯಾನೇಜರ್ ತಾಕೀತು. ಹಾಗಾಗಿ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ನಾಲ್ಕು ಗಂಟೆ ದಾರಿಯ ಸಿಯೆರಾ ಬೆಟ್ಟಕ್ಕೆ ಹೋದಾಗ ಮೆಣಸಿನಕಾಯಿ ಡಬ್ಬಿಯೂ ಜೊತೆಗೆ ಬಂತು. ಪಾರ್ಕಿಂಗಿನಲ್ಲಿ ಕಾರು ನಿಂತದ್ದೇ ತಡ, ಬಾನೆಟ್ಟಿನ ಮೇಲೆ ಹಳೇ ಪಂಚೆ ಹಾಸಿ ಮೆಣಸಿನಕಾಯಿ ಹರಡಿಯೇಬಿಟ್ಟಳು. ಹೋಗಿಬರುವವರೆಲ್ಲ ನೋಡುತ್ತಿದ್ದರು. ನನಗೋ ತಲೆ ಎತ್ತಲಾಗಲಿಲ್ಲ.

ಪಕ್ಕದಲ್ಲೇ ಸೀಳಿದ ದೊಡ್ಡ ಬಂಡೆ, ಅದರಡಿ ಒಂದು ಬಿಲ, ಸುತ್ತ ಮರಿಗಳ ಸಮೇತ ಮಾರ್ಮಟ್ಟುಗಳ ಸಂಸಾರ. ಅಳಿಲಿನ ನೆಂಟರೇ, ಆದರೆ ಬೆಕ್ಕಿನಷ್ಟು ದಪ್ಪ, ಹೊಟ್ಟೆ ಹಳದಿ. ಬೇಸಿಗೆಯೆಲ್ಲ ತಿಂದು ಕೊಬ್ಬಿ, ಚಳಿ ಬೀಳುವ ಮೊದಲೇ ಬಿಲ ಸೇರಿ, ಹಿಮ ಕರಗುವವರೆಗೆ ಮಲಗಿಬಿಡುತ್ತವೆ. ಹದ್ದಿನ ನೆರಳು ಕಂಡರೆ ಒಂದು ಸಿಳ್ಳೆ ಹಾಕುತ್ತದೆ, ಉಳಿದವೆಲ್ಲ ಒಳಗೆ ಓಡುತ್ತವೆ. ಉಪ್ಪೆಂದರೆ ಪ್ರಾಣ. ಒಂದು ಬಂದು ಪಂಚೆಯ ಅಂಚು ನೆಕ್ಕತೊಡಗಿತು.

“ಅಮ್ಮ, ಓಡ್ಸು ಅದನ್ನ.”

“ಇರ್ಲಿ ಬಿಡೇ. ಬಸುರಿ ಥರ ಹೊಟ್ಟೆ ಹೊತ್ಕೊಂಡು ಬಂದಿದೆ.”

ಸಂಜೆ ಕಾಯಿ ಬಾಚಿಕೊಂಡು ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಕಾರಿನೊಳಗಿಂದ ಸಿಳ್ಳೆ. ಬಾನೆಟ್ಟು ತೆಗೆದರೆ ಬ್ಯಾಟರಿ ಪಕ್ಕ ಅದೇ ಪ್ರಾಣಿ ಮೀಸೆಗೆಲ್ಲ ಗ್ರೀಸು ಮೆತ್ತಿಕೊಂಡು ಕೂತಿದೆ! ಕಾರಿನಡಿಯಿಂದ ಯಾವಾಗ ನುಸುಳಿತ್ತೋ, ಅಷ್ಟು ದೂರ, ಫ್ರೀವೇ ಉದ್ದಕ್ಕೂ ಹೇಗೆ ಹಿಡಿದುಕೊಂಡಿತ್ತೋ ಪುಣ್ಯಾತ್ಮ. ನಾವು ಕೈ ಚಾಚುವಷ್ಟರಲ್ಲಿ ನೆಗೆದು ಬೇಲಿಗಿಡಗಳ ಸಂದಿಗೆ ನುಗ್ಗಿತು.

ಅವತ್ತೆಲ್ಲ ಅಲ್ಲಿಂದಲೇ ಸಿಳ್ಳೆ. ಲಾರಿ ಬಂದರೆ ಸಿಳ್ಳೆ, ನಾಯಿ ಬಂದರೆ ಸಿಳ್ಳೆ. ಅದನ್ನು ಕೇಳಿ ಓಡಿ ಅವಿತುಕೊಳ್ಳಲು ಇನ್ನೊಂದು ಮಾರ್ಮಟ್ ಅಲ್ಲಿರಲಿಲ್ಲ. ಮಕ್ಕಳು ಅದನ್ನೇ ಅಣಕಿಸಿ ಸಿಳ್ಳೆ ಹಾಕಿದರು, ನಾನು ಗದರಿಸಿ ಓಡಿಸಿದೆ. ಆಫೀಸಿಗೆ ಹುಷಾರಿಲ್ಲವೆಂದು ಫೋನು ಮಾಡಿ ಬೇಲಿ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅಮ್ಮ ಕ್ಯಾರೆಟ್ ಇಟ್ಟಳು, ಸೊಪ್ಪು ಇಟ್ಟಳು. ಮೂಸಿಯೂ ನೋಡಲಿಲ್ಲ.

“ಗುದ್ದಲಿ ಇದ್ದಿದ್ರೆ ನಾನೇ ಒಂದು ಬಿಲ ತೋಡ್ಕೊಡ್ತಿದ್ದೆ,” ಎಂದಳು.

ಬೇರೆ ದಾರಿ ಕಾಣದೆ ಪ್ರಾಣಿ ಹಿಡಿಯುವವರಿಗೆ ಫೋನು ಮಾಡಿದೆ. ಬಂದವನು ಬೋನಿಟ್ಟು ಕಾದು, ಸಂಜೆಯೊಳಗೆ ಹಿಡಿದ. ನನಗೆ ಹೋದ ಜೀವ ಬಂದಂತಾಯಿತು. ಇದರ ಮನೆ ನಮಗೆ ಗೊತ್ತು, ಈಗಲೇ ಕಾರಲ್ಲಿ ಬಿಟ್ಟುಬರುತ್ತೇನೆ ಎಂದೆ. ಅವನು ಆಗದೆಂದು ತಲೆಯಾಡಿಸಿದ. ಊರಿಗಿಳಿದ ಪ್ರಾಣಿಯನ್ನು ಮತ್ತೆ ಬೆಟ್ಟಕ್ಕೆ ಬಿಡುವಂತಿಲ್ಲವಂತೆ. ಇಲ್ಲಿನ ರೋಗ ಅಂಟಿಸಿಕೊಂಡು ಹೋದರೆ ಇಡೀ ಹಿಂಡೇ ಸಾಯಬಹುದು. ಇಟ್ಟುಕೊಳ್ಳಲು ಜಾಗವೂ ಇಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸಬೇಕಾಗುತ್ತದೆ ಎಂದ. ವಾದಿಸಿದೆ, ಬೇಡಿದೆ, ಕೂಗಾಡಿದೆ. ಅವನೂ ಪಾಪ, ನೆಲ ನೋಡುತ್ತಲೇ ನಿಂತಿದ್ದ. ಅವನು ಹೇಳಿದ್ದು ಸರಿಯೇ ಇತ್ತು, ಅದೇ ನನಗೆ ಇನ್ನೂ ಸಂಕಟ.

“ಏನಂತೆ? ಬೆಟ್ಟಕ್ಕೆ ಬಿಡ್ತಾನಂತಾ?” ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

ನಾನು ಬೋನಿನ ಕಡೆ ನೋಡಿದೆ.

“ಸುಮ್ನೆ ಎಲ್ಲೋ ಬಿಟ್ರೆ ಆಗಲ್ಲ, ಸರಿಯಾಗಿ ಹೇಳು ಅವನಿಗೆ. ಪಾರ್ಕಿಂಗಿಂದ ಎಡಕ್ಕೆ. ಸೀಳಿರೋ ಬಂಡೆ. ಅದರ ಕೆಳಗಡೆ ಇದೆ ಬಿಲ. ಎರಡು ಮರಿ ಆಡ್ತಿದ್ವಲ್ಲ, ಅಲ್ಲೇ ಬಿಡ್ಬೇಕು ಅನ್ನು.”

ನಾನು ಅವನ ಕಡೆ ತಿರುಗಿ, ಒಂದು ಮಾತೂ ಬಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಪಾರ್ಕಿಂಗು, ಎಡಗಡೆ, ಬಂಡೆ, ಮರಿಗಳು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನನ್ನಲ್ಲ, ಅಮ್ಮನನ್ನು ನೋಡಿ, “ಸಾರಿ” ಎಂದ.

ಅಮ್ಮನಿಗೆ ಅರ್ಥವಾಗುತ್ತಿದ್ದ ನಾಲ್ಕಾರು ಇಂಗ್ಲಿಷ್ ಮಾತುಗಳಲ್ಲಿ ಅದೂ ಒಂದು.