ಕ್ಯಾರೆಟ್ ಹೊಲದಲ್ಲಿ ಮೂರು ವಿಕೆಟ್

ಫುನಾಬೊರಿಯ ನಮ್ಮ ಫ್ಲ್ಯಾಟಿನಲ್ಲಿ ದಿನಕ್ಕೆ ಹತ್ತು ಸಲವಾದರೂ ನಾನು ಮಗಳಿಗೆ ಹೇಳುವ ಮಾತು ಒಂದೇ: "ಮೆತ್ತಗೆ ಕಣೇ, ಕೆಳಗಡೆ ಮನೆಯವ್ರಿಗೆ ಕೇಳ್ಸತ್ತೆ." ಅಂಥ ನಾನು ಹಿಮದ ಸೀಮೆ ನೀಗಾತಾದ ಒಂದು ಹೊಲದಲ್ಲಿ ನಿಂತು ಗಂಟಲು ಹರಿಯುವಂತೆ "ಔಟ್!" ಎಂದು ಅರಚಿದೆ. ಯಾರೂ ಗೋಡೆ ತಟ್ಟಲಿಲ್ಲ. ಸುಮ್ಮನೆ ಖುಷಿಗೆ ಇನ್ನೊಂದು ಸಲ ಅರಚಿದೆ.

ಅದು ಫೆಬ್ರವರಿಯ ಕೊನೆಯ ಭಾನುವಾರ. ಅತಿಥಿಗಳನ್ನು ಉಳಿಸಿಕೊಳ್ಳುವ ಒಂದು ರೈತರ ಮನೆಗೆ ನಾನು, ನನ್ನ ಗಂಡ, ಎಂಟು ವರ್ಷದ ಮಗಳು ಹಿಂದಿನ ದಿನ ಬಂದಿದ್ದೆವು. ಮನೆಯ ಯಜಮಾನತಿ ಎಪ್ಪತ್ತೈದು ದಾಟಿದ ಅಜ್ಜಿ. ಅರ್ಧ ಗಂಟೆಯಲ್ಲೇ ಮಗಳು ಅವರನ್ನು ಜಪಾನಿಯಲ್ಲಿ "ಒಬಾಚಾನ್", ಅಜ್ಜೀ, ಎಂದು ಕರೆದು ಸೊಂಟಕ್ಕೆ ಜೋತುಬಿದ್ದಳು. ನಾವು ಮೀನು ಮುಟ್ಟುವುದಿಲ್ಲವೆಂದು ಮೊದಲೇ ತಿಳಿಸಿದ್ದರಿಂದ ಅಜ್ಜಿ ಬರೀ ಅಣಬೆ, ಮೂಲಂಗಿ ಬೇಯಿಸಿ ಊಟ ಹಾಕಿದ್ದರು. ನಾನು ಎರಡು ಸಲ ಬಡಿಸಿಕೊಂಡೆ. ಮೂರನೆಯ ಸಲಕ್ಕೆ ನಾಚಿಕೆಯಾಗಿ ಗಂಡನ ಬಟ್ಟಲಿಗೆ ಕೈಹಾಕಿದೆ.

ಬೆಳಗ್ಗೆ ಅಜ್ಜಿ ಒಂದು ಗುಟ್ಟು ಹೇಳಿದರು. ರಾತ್ರಿಯ ಚಳಿಗೆ ಹಿಮದ ಮೇಲ್ಪದರ ಗಟ್ಟಿಯಾಗಿದೆಯಂತೆ, ಬಿಸಿಲೇರುವ ತನಕ ಎಲ್ಲೆಂದರಲ್ಲಿ ನಡೆಯಬಹುದಂತೆ. ಆಳೆತ್ತರದ ಹಿಮದ ಮೇಲೆ, ಕಾಲು ಹೂತುಕೊಳ್ಳದೆ! ನಮಗೆ ಹುಚ್ಚೇ ಹಿಡಿಯಿತು. ಓಡಿದೆವು, ಜಾರಿದೆವು, ಬಿದ್ದಲ್ಲೇ ಉರುಳಿದೆವು. ಸಂಶೋಧನಾ ಸಂಸ್ಥೆಯಲ್ಲಿ ಮೆಲ್ಲಗೆ ಕೆಮ್ಮಿ "ಸುಮಿಮಾಸೆನ್", ಕ್ಷಮಿಸಿ, ಎನ್ನುವ ನನ್ನ ಗಂಡ ಎರಡೂ ಕೈ ಚಾಚಿ ವಿಮಾನವಾದರು. ಆಮೇಲೆ ನಿಂತು ಸುತ್ತ ನೋಡಿ, "ಇಷ್ಟು ದೊಡ್ಡ ಗ್ರೌಂಡ್ ವೇಸ್ಟ್ ಮಾಡೋದಾ?" ಎಂದರು.

ಹೊಲದ ಅಂಚಿನಲ್ಲಿ ಎಲೆ ಉದುರಿದ ಏಳು ಕಾಕಿ ಮರಗಳಿದ್ದವು, ಟೊಮೆಟೊದಂಥ ಹಣ್ಣು ಬಿಡುವಂಥವು. ಅಲ್ಲಲ್ಲಿ, ತುದಿಗೆ ಕೆಂಪು ಬಟ್ಟೆ ಕಟ್ಟಿದ ಮೂರು ಉದ್ದನೆಯ ಬಿದಿರು ಕೋಲುಗಳು. ಒಂದು ಕೋಲು ಒಂದು ಮರದ ಕೊಂಬೆಯಡಿಯೇ ಇತ್ತು. ದೂರದಿಂದ ಇನ್ನೆರಡನ್ನೂ ಕಿತ್ತು ತಂದು ಅದರ ಪಕ್ಕ ಚುಚ್ಚಿದೆವು. ವಿಕೆಟ್ ಸಿದ್ಧ. ಹಿಮ ಎತ್ತುವ ಪ್ಲಾಸ್ಟಿಕ್ ಸಲಿಕೆ ಬ್ಯಾಟ್, ಕಾಲುಚೀಲದ ಉಂಡೆ ಚೆಂಡು. ನನ್ನ ಮೂರನೆಯ ಚೆಂಡಿಗೇ ಮಗಳ ವಿಕೆಟ್ ಹಾರಿತು.

"ಅಮ್ಮಾ, ನಾಟ್ ಔಟ್! ಬರ್ಡ್ ಬಂದು ಸ್ನೋ ಬೀಳಿಸ್ತು ನನ್ ತಲೆ ಮೇಲೆ! ನಾನು ಮೇಲೆ ನೋಡ್ತಿದ್ದೆ!"

"ಔಟ್ ಅಂದ್ರೆ ಔಟ್," ಎಂದೆ. ನನಗೆ ಕರುಣೆಯೇ ಬರಲಿಲ್ಲ.

ಆಟ ಮುಗಿದ ಮೇಲೆ ನಾವು ಇನ್ನೂ ದೊಡ್ಡ ಘನಕಾರ್ಯ ಮಾಡಿದೆವು. ಬಳಸಿದ ಜಾಗವನ್ನು ಚೊಕ್ಕಟ ಮಾಡಿ ಹೋಗಬೇಕೆಂದು ಈ ದೇಶ ಕಲಿಸಿದೆಯಲ್ಲ, ಮೂರೂ ಕೋಲುಗಳನ್ನು ಕಿತ್ತು, ಒರೆಸಿ, ಉಗ್ರಾಣದ ಗೋಡೆಗೆ ಒರಗಿಸಿಟ್ಟೆವು.

ಮಧ್ಯಾಹ್ನ ಹಿಮ ಸುರಿಯತೊಡಗಿತು. ಅಜ್ಜಿ ಬೂಟು ಹಾಕಿ, ಬುಟ್ಟಿ ಹಿಡಿದು ಹೊರಟು, ಹೊಲ ನೋಡಿ ನಿಂತುಬಿಟ್ಟರು. ಗಂಡ ಹೆಮ್ಮೆಯಿಂದ ಗೋಡೆಯತ್ತ ಕೈ ತೋರಿಸಿದರು. ಅಜ್ಜಿ ಬುಟ್ಟಿ ಕೆಳಗಿಟ್ಟರು.

ಹಿಮದಡಿ ಕ್ಯಾರೆಟ್ ಸಾಲುಗಳಿದ್ದವು. ಚಳಿಗಾಲವಿಡೀ ಅಲ್ಲೇ ಇದ್ದು ಸಿಹಿಯಾಗುತ್ತವೆ, ಎಲ್ಲಿವೆಯೆಂಬ ಗುರುತಿಗೆ ಆ ಕೋಲುಗಳು. ಒಂದು ಬುಟ್ಟಿ ಕ್ಯಾರೆಟ್ ಮರುದಿನ ಬೆಳಗ್ಗೆ ಊರಿನ ಶಾಲೆಯ ಮಕ್ಕಳ ಊಟಕ್ಕೆ ಹೋಗಬೇಕಿತ್ತು, ಅಜ್ಜಿ ಮಾತು ಕೊಟ್ಟಿದ್ದರು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು, ಆದರೆ ನೆಲವೂ ಆಳೆತ್ತರ ಕೆಳಗಿತ್ತು. ಒಂದೇ ಉಸಿರಿಗೆ ಒಂಬತ್ತು ಸಲ ಸುಮಿಮಾಸೆನ್ ಹೇಳಿದೆ.

ಗಂಡ ಹೆಜ್ಜೆ ಎಣಿಸಿ, ಕೋನ ಲೆಕ್ಕ ಹಾಕಿ, "ಇಲ್ಲೇ, ಡೌಟೇ ಇಲ್ಲ," ಎಂದರು. ಅಗೆದೆವು. ಬರೀ ಮಣ್ಣು. "ಹಾಗಾದ್ರೆ ಅಲ್ಲಿ," ಎಂದರು. ಅಲ್ಲೂ ಮಣ್ಣು. ನಮ್ಮ ಹೆಜ್ಜೆಗಳನ್ನು ಹೊಸ ಹಿಮ ಮುಚ್ಚಿತ್ತು, ಏಳು ಮರಗಳೂ ಅವಳಿ ಜವಳಿಯಂತಿದ್ದವು. ಅಜ್ಜಿ ಬೈಯಲಿಲ್ಲ, ಅದೇ ನನಗೆ ಹೆಚ್ಚು ಹಿಂಸೆಯಾಯಿತು.

ಮಗಳು ಮಾತ್ರ ಮರದಿಂದ ಮರಕ್ಕೆ ಓಡುತ್ತಾ ತಲೆಯೆತ್ತಿ ನೋಡುತ್ತಿದ್ದಳು. ಐದನೆಯದರ ಕೆಳಗೆ ನಿಂತು ಕುಣಿದಳು. "ಒಬಾಚಾನ್, ಕೊಕೊ! ಕೊಕೊ! ಅಮ್ಮಾ, ಇಲ್ಲೇ! ಆ ಬರ್ಡ್ ಅದನ್ನೇ ತಿಂತಿತ್ತು!" ಕೊಂಬೆಯ ತುದಿಯಲ್ಲಿ ಒಣಗಿದ ಒಂದೇ ಒಂದು ಹಣ್ಣು ನೇತಾಡುತ್ತಿತ್ತು. ಬೇರೆ ಯಾವ ಮರದಲ್ಲೂ ಹಣ್ಣಿರಲಿಲ್ಲ. ಅವಳು ಔಟಾದದ್ದು ಇದರಡಿಯೇ, ಅಜ್ಜಿಯ ಒಂದು ಕೋಲು ಮೊದಲಿಂದ ಇದ್ದದ್ದೂ ಇಲ್ಲೇ. ಅನ್ಯಾಯವಾದ ಜಾಗವನ್ನು ಮಕ್ಕಳು ಮರೆಯುವುದಿಲ್ಲ.

ನಾಲ್ವರೂ ಅಗೆದೆವು. ಸೊಂಟಮಟ್ಟ, ಎದೆಮಟ್ಟ, ಕೊನೆಗೆ ಅಜ್ಜಿ ಸಲಿಕೆ ತಡೆದು ಕೈಯಿಂದ ಕೆದಕಿದರು. ಕಿತ್ತಳೆ ಬಣ್ಣ ಕಂಡಿತು. ನಾನು ಕಿರುಚಿದೆ, ಮಗಳು ಕಿರುಚಿದಳು, ಗಂಡ ಗುಂಡಿಯೊಳಗೇ ಜಾರಿ ಕೂತರು. ಅಜ್ಜಿ ನಗು ತಡೆಯಲಾಗದೆ ಅವರ ಪಕ್ಕವೇ ಕುಸಿದರು. ಹಿಮದಲ್ಲಿ ಉಜ್ಜಿದ ಕ್ಯಾರೆಟ್ಟನ್ನು ಮುರಿದು ನನ್ನ ಬಾಯಿಗಿಟ್ಟರು. ಸಿಹಿಯೆಂದರೆ ಸಿಹಿ.

ಬುಟ್ಟಿ ತುಂಬಿದ ಮೇಲೆ ಅಜ್ಜಿ ಅಲ್ಲಿಂದ ಹೆಜ್ಜೆ ಎಣಿಸುತ್ತಾ ನಡೆದು, ಮುಂದಿನ ಸಾಲಿನ ಜಾಗದಲ್ಲಿ ನಿಂತು, ಒಂದು ಕೋಲನ್ನು ನನಗೆ ಕೊಟ್ಟರು.

"ಇದನ್ನು ನೀವು ನೆಡಿ. ಮುಂದಿನ ವಾರ ನಾನು ನೀವು ನೆಟ್ಟಲ್ಲೇ ಅಗೆಯುವುದು."

ನನ್ನ ನಗು ಅಲ್ಲಿಗೇ ನಿಂತು ಕಣ್ಣು ತುಂಬಿ ಬಂತು. ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಾಕಿ, ನೆಲ ತಾಗುವ ತನಕ ಒತ್ತಿದೆ.