ಪರದೆಯ ಮೇಲಿನ ಪಾಳಣಾ

ಎರಡು ಸಾವಿರದ ಆಸುಪಾಸಿನ ಮಾತು. ಪುಣೆಯ ಭೋಸರಿಯಲ್ಲಿ ಗೇರ್‌ಬಾಕ್ಸ್ ತಯಾರಿಸುವ ಸಣ್ಣ ಕಂಪನಿಯೊಂದರ ಡಿಸೈನ್ ವಿಭಾಗದಲ್ಲಿ ನಾನಿದ್ದೆ. ವಿಭಾಗವೆಂದರೆ ಎರಡು ಕಂಪ್ಯೂಟರು, ಒಂದು ಕೂಲರು ಮತ್ತು ಎಲ್ಲದಕ್ಕೂ ಅವಸರ ಮಾಡುವ ಒಬ್ಬ ಮರಾಠಿ ಸಾಹೇಬರು. ಆ ವರ್ಷ ನಮ್ಮ ಮಗು ಎಂಟನೇ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತು. ಅತ್ತೆ ಬಂದು ಹೆಂಡತಿಯನ್ನು ಗುಲಬರ್ಗಾಕ್ಕೆ ಕರೆದೊಯ್ದರು. ಮರುದಿನವೇ ನಾನು ವಾಕಡದ ಬಾಡಿಗೆ ಮನೆಗೆ ಬೀಗ ಹಾಕಿ ಕೆಲಸಕ್ಕೆ ಹೋದೆ. ಗಟ್ಟಿ ಮನುಷ್ಯ ಎಂದರು ಕೆಲವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ವಸಡಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು, ಅಷ್ಟೆ.

ಆ ದಿನಗಳಲ್ಲೇ ಸಾಹೇಬರು ಸೈಕ್ಲಾಯ್ಡಲ್ ಡ್ರೈವ್ ಒಂದನ್ನು ನನ್ನ ತಲೆಗೆ ಕಟ್ಟಿದರು. ಗಿರಾಕಿಗೆ ಅದು ಪರದೆಯ ಮೇಲೆ ತಿರುಗುವುದನ್ನು ತೋರಿಸಬೇಕಿತ್ತು. ಇದರಲ್ಲಿ ಸಾಮಾನ್ಯ ಗೇರಿನ ಹಲ್ಲುಗಳಿಲ್ಲ. ಅಂಚಿನುದ್ದಕ್ಕೂ ಅಲೆಅಲೆಯಾಗಿ ಕತ್ತರಿಸಿದ ಒಂದು ತಟ್ಟೆ, ಅದರ ಸುತ್ತ ಉಂಗುರವಾಗಿ ನಿಂತ ಪಿನ್ನುಗಳು. ನಡುವಿನ ಶಾಫ್ಟು ತಟ್ಟೆಯ ಕೇಂದ್ರದಿಂದ ಸ್ವಲ್ಪ ಪಕ್ಕಕ್ಕೆ ಕೂತಿರುವುದರಿಂದ, ಅದು ತಿರುಗಿದಂತೆ ತಟ್ಟೆ ಪಿನ್ನುಗಳ ಒಳಗೆ ಅತ್ತಿತ್ತ ಓಲಾಡುತ್ತದೆ. ಓಲಾಡುತ್ತಲೇ ತಾನೂ ಬಹಳ ನಿಧಾನಕ್ಕೆ ತಿರುಗುತ್ತದೆ. ಆ ಓಲಾಟ ನೋಡಿ ನಮ್ಮ ಫೋರ್‌ಮನ್ ತಟ್ಟೆಗೆ ‘ಪಾಳಣಾ’ ಎಂದು ಹೆಸರಿಟ್ಟುಬಿಟ್ಟ. ಮರಾಠಿಯಲ್ಲಿ ಪಾಳಣಾ ಅಂದರೆ ತೊಟ್ಟಿಲು. ಇಡೀ ಆಫೀಸಿಗೆ ಅದೇ ರೂಢಿಯಾಯಿತು. “ಪಾಳಣಾ ಎಲ್ಲಿಗೆ ಬಂತು?” ಎಂದು ಸಾಹೇಬರು ಬೆಳಿಗ್ಗೆ ಸಂಜೆ ಕೇಳುವರು. ನನಗೆ ಆ ಶಬ್ದದಿಂದ ಏನೂ ಆಗಲಿಲ್ಲ. ಬೋಲ್ಟು, ಬೇರಿಂಗು, ಪಾಳಣಾ.

ಆದರೆ ನನ್ನ ತಟ್ಟೆ ಪಿನ್ನುಗಳನ್ನು ತೂರಿಕೊಂಡು ಹೋಗುತ್ತಿತ್ತು. ಉಕ್ಕು ಗಟ್ಟಿ ಎಂಬುದು ಕಂಪ್ಯೂಟರಿಗೆ ತಾನಾಗಿ ಗೊತ್ತಾಗುವುದಿಲ್ಲ. ಒಂದರೊಳಗೊಂದು ಹೊಕ್ಕರೂ ಸದ್ದಿಲ್ಲ, ಗೀರಿಲ್ಲ. ತಪಾಸಣೆ ಮಾಡು ಎಂದರೆ ಮಾತ್ರ ಹೊಕ್ಕ ಜಾಗವನ್ನು ಕೆಂಪಗೆ ತೋರಿಸುತ್ತದೆ. ಅಲೆಯ ಆಕಾರ ಮತ್ತೆ ಬರೆದೆ, ಪಿನ್ನು ಸಣ್ಣದು ಮಾಡಿದೆ, ಕೆಂಪು ಹೋಗಲಿಲ್ಲ. ಬೇಸರವೂ ಆಗುತ್ತಿರಲಿಲ್ಲ. ದಿನವಿಡೀ ಕೂತು ಅದನ್ನೇ ನೋಡುತ್ತಿದ್ದೆ.

ಇತ್ತ ಹೆಂಡತಿಯ ಅಣ್ಣ ಫೋನಿನಲ್ಲಿ, “ಆಕಿ ಇಲ್ಲೇ ಇರ್ಲಿ ಬಿಡ್ರಿ. ಅಲ್ಲಿ ಬಂದು ಒಬ್ಬಾಕೀನೇ ಗ್ವಾಡಿ ನೋಡ್ಕೋತ ಏನ್ ಕೂಡ್ತಾಳ?” ಎಂದಿದ್ದರು. ಹೂಂ ಎಂದರೆ ಅವಳು ತಿರುಗಿ ಬರುವುದಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು. ಹೂಂ ಅನ್ನಲಿಲ್ಲ, ಊಹೂಂ ಅನ್ನುವ ತ್ರಾಣವೂ ಇರಲಿಲ್ಲ.

ಭಾನುವಾರ ಓಣಿಯ ಎಸ್‌ಟಿಡಿ ಅಂಗಡಿಯಿಂದ ಅವಳಿಗೆ ಫೋನ್ ಮಾಡುತ್ತಿದ್ದೆ. ಊಟ ಆತೇನು, ಆತು, ನಿಮ್ಮದು, ಆತು. ಅಲ್ಲಿಗೆ ಮುಗಿಯುತ್ತಿತ್ತು. ಒಂದು ಭಾನುವಾರ ಏನನ್ನಿಸಿತೋ ಆಕೆ, “ಆಫೀಸಿನಾಗ ಏನ್ ನಡದದ್ರಿ?” ಎಂದು ಕೇಳಿದಳು.

ಇಲ್ಲೊಂದು ಮಾತು ಹೇಳಬೇಕು. ಮನೆಯೊಳಗೆ ಮರಾಠಿ ಕೂಡದು ಎಂಬುದು ಅವಳ ಕಾನೂನು. ನಾನು ‘ಭಾಜಿ’ ಎಂದರೆ, “ಪಲ್ಯಾ ಅನ್ರಿ. ಚಪ್ಪಲ್ ಬಿಡೂ ಮುಂದ ಮರಾಠೀನೂ ಹೊರಗ ಬಿಟ್ಟು ಬರ್ರಿ,” ಎಂದು ಕಾಡಿಸುವಳು. ಹಾಗಾಗಿ ಅವಳ ದನಿ ಕೇಳಿದ ಕೂಡಲೇ ನನ್ನ ನಾಲಿಗೆ ಮರಾಠಿ ಶಬ್ದಗಳನ್ನು ಕನ್ನಡಕ್ಕೆ ತಿರುಗಿಸಿಬಿಡುತ್ತಿತ್ತು.

“ಏನಿಲ್ಲ, ತೊಟ್ಟಿಲ ಒಂದು ಸರಿಯಾಗಿ ತೂಗವಲ್ದು,” ಎಂದೆ.

ಆಡಿದ್ದೇನೆಂದು ಆಮೇಲೆ ನನಗೆ ಕೇಳಿಸಿತು. ಗೇರಿನ ತಟ್ಟಿ ಅದು, ಇಲ್ಲಿ ಅದಕ್ಕ ಪಾಳಣಾ ಅಂತಾರ ಎಂದು ತಡವರಿಸಿದೆ.

“ಇಲ್ಲಿ ಯಾರೂ ಆ ಮಾತು ತಗಿಯಂಗಿಲ್ರಿ,” ಎಂದಳು. ಅಳುತ್ತಿದ್ದಳು. “ಅಟ್ಟದ ಮ್ಯಾಲಿನ ತೊಟ್ಟಿಲಾನೂ ಎಲ್ಲೋ ಸಾಗಿಸ್ಯಾರ. ನನ್ನ ಹೊಟ್ಟ್ಯಾಗ ಏನೂ ಇರಲೇ ಇಲ್ಲ ಅನ್ನೂ ಹಂಗ ಮಾಡ್ತಾರ.” ಮೂಗು ಒರೆಸಿಕೊಂಡು ಕೇಳಿದಳು, “ಯಾಕ ತೂಗವಲ್ದು?”

ಬಾಗಿಲ ಬಳಿ ಫೋನಿಗೆ ಕಾದು ನಿಂತವರ ಎದುರಿಗೇ ನಾನು ಹೆಂಡತಿಗೆ ಸೈಕ್ಲಾಯ್ಡಲ್ ಡ್ರೈವ್ ವಿವರಿಸಿದೆ. ಶಾಫ್ಟು ಈಕಡೆ ತಿರಗತದ, ತಟ್ಟಿ ಅದಕ್ಕ ಉಲ್ಟಾ ಆಕಡೆ ಸರೀಬೇಕು. ಹೇಳುತ್ತಿದ್ದಂತೆ ತಪ್ಪು ಹೊಳೆಯಿತು. ನಾನು ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿದ್ದೆ. ಕಾಲೇಜಿನ ಹುಡುಗರೂ ಮಾಡದ ತಪ್ಪು.

“ಸರಿ ಮಾಡ್ರಿ,” ಎಂದಳು. “ಮಾಡಿ, ಬಂದು ನನ್ನ ಕರ್ಕೊಂಡು ಹೋಗ್ರಿ.”

ಮರುದಿನ ದಿಕ್ಕು ಬದಲಿಸಿದೆ. ತಟ್ಟೆ ಪ್ರತಿ ಪಿನ್ನನ್ನೂ ಸವರಿಕೊಂಡು ಹಿಮ್ಮುಖವಾಗಿ ಸರಿಯಿತು. ಕೆಂಪು ಎಲ್ಲೂ ಇರಲಿಲ್ಲ. ಸಾಹೇಬರು ಬೆನ್ನು ತಟ್ಟಿದರು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ರಜೆ ಕೇಳಿ ಗುಲಬರ್ಗಾದ ಬಸ್ಸು ಹತ್ತಿದೆ.

ಹೊರಡುವಾಗ ಅವಳಿಗೆ ಉಡಿ ತುಂಬಬೇಕೋ ಬೇಡವೋ ಎಂದು ಮನೆಯ ಹೆಂಗಸರು ಪಿಸುಗುಟ್ಟಿದರು. “ಮಗಳು ತನ್ನ ಮನೀಗೆ ಹೊಂಟಾಳ, ಬರೇ ಉಡೀಲೆ ಕಳಸಂಗಿಲ್ಲ,” ಎಂದು ಅತ್ತೆ ಎಲ್ಲರ ಬಾಯಿ ಮುಚ್ಚಿಸಿದರು. ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು ಸೆರಗಿಗೆ ಹಾಕಿ, ಆಮೇಲೆ ಹಸಿರು ಖಣದ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅವಳು ಅದನ್ನು ಮಡಿಲಿನಿಂದ ಇಳಿಸಲಿಲ್ಲ.

ಇಂದಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. “ಮುಖಾ ತೊಳಕೊಂಡು ಬರ್ತೀನಿ. ಇದನ್ನ ಹಿಡ್ಕೋರಿ, ಕೆಳಗ ಇಡಬ್ಯಾಡ್ರಿ,” ಎಂದು ಗಂಟನ್ನು ನನ್ನ ಕೈಗಿಟ್ಟು ಇಳಿದಳು. ತೊಡೆಯ ಮೇಲಿಟ್ಟುಕೊಂಡೆ. ಎಣಿಸಿದ್ದಕ್ಕಿಂತ ಭಾರವಿತ್ತು, ಅವಳ ಮೈಯ ಬಿಸಿ ಅದಕ್ಕಿನ್ನೂ ಹತ್ತಿಕೊಂಡಿತ್ತು. ಜಾರದಿರಲೆಂದು ಒಂದು ಕೈ ಅಡಿಗೆ ಕೊಟ್ಟು ಇನ್ನೊಂದನ್ನು ಮೇಲಿಟ್ಟೆ. ಆಗ ಅಳು ಬಂತು. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಬಂತು.

ಅವಳು ವಾಪಸು ಬಂದು ಪಕ್ಕದಲ್ಲಿ ಕೂತು, ನನ್ನ ಮುಖ ನೋಡಿ, ಗಂಟಿಗೆ ಕೈ ಚಾಚಿದಳು.

“ಇರ್ಲಿ,” ಎಂದೆ. “ಸ್ವಲ್ಪ ಹೊತ್ತು ನಾನೂ ಹಿಡ್ಕೋತೀನಿ.”